ಚರ್ಚು ಬಿಟ್ಟವರು ಎಲ್ಲಿಗೆ ಹೋದರು?

ಪುಣೆಯ ಬಿಬವೇವಾಡಿಯಲ್ಲಿ ನೆಲೆಸಿದ ಕ್ರೈಸ್ತರೊಬ್ಬರು, ವರ್ಷಗಟ್ಟಲೆ ನಂಬಿ ನಡೆದ ಮೇಲೆ, ‘ಇನ್ನು ನಾನು ಯಾವ ಧರ್ಮಕ್ಕೂ ಸೇರಿದವನಲ್ಲ’ ಎಂದು ಸರ್ಕಾರಿ ಕಾಗದದಲ್ಲಿ ಬರೆಸಲು ಹೊರಟರೆ 2014ರವರೆಗೆ ದಾರಿ ಸಿಗುವುದು ಕಷ್ಟವಿತ್ತು. ಹಿಂದೂ ಆದೆ, ಬೌದ್ಧನಾದೆ ಎಂದರೆ ಗೆಜೆಟ್‌ನಲ್ಲಿ ಅಚ್ಚಾಗುತ್ತಿತ್ತು. ಏನೂ ಆಗಲಿಲ್ಲ ಎಂದರೆ ಅರ್ಜಿ ವಾಪಸು ಬರುತ್ತಿತ್ತು. ನಮ್ಮ ಕಾನೂನು ಧರ್ಮ ಬಿಡುವುದನ್ನು ಬಹುಕಾಲ ಮನೆ ಬದಲಿಸುವುದೆಂದೇ ತಿಳಿಯಿತು. ಹೊಸ ವಿಳಾಸ ಕೊಡದೆ ಹಳೆಯದನ್ನು ಬಿಡಲು ಅದು ಒಪ್ಪುತ್ತಿರಲಿಲ್ಲ.

ಮೊದಲಿನಿಂದಲೂ ಹೀಗೇ ಇತ್ತೆನ್ನಲಾಗದು. ಮುಖ್ಯವಾಗಿ ಬ್ರಹ್ಮಸಮಾಜದವರಿಗಾಗಿ ಬಂದ 1872ರ ವಿವಾಹ ಕಾಯ್ದೆಯಡಿ ಮದುವೆಯಾಗುವವರು ತಾವು ಕ್ರೈಸ್ತರಲ್ಲ, ಹಿಂದೂಗಳಲ್ಲ, ಮುಸ್ಲಿಮರಲ್ಲ ಎಂದು ಪಟ್ಟಿ ಒಪ್ಪಿಸಬೇಕಿತ್ತು. ‘ಅಲ್ಲ’ ಎನ್ನುವುದಕ್ಕೆ ಆಗ ಕಾಗದದಲ್ಲಿ ಜಾಗವಿತ್ತು. 1954ರ ವಿಶೇಷ ವಿವಾಹ ಕಾಯ್ದೆ ಅದನ್ನು ಕೈಬಿಟ್ಟಿತು, ಒಳ್ಳೆಯ ಕಾರಣಕ್ಕೇ. ಕ್ರೈಸ್ತ ವಿಚ್ಛೇದನದ ಕಾಯ್ದೆಗೆ 2001ರಲ್ಲಿ ತಿದ್ದುಪಡಿ ಮಾಡಿದಾಗಲೂ, ಗಂಡ ಅಥವಾ ಹೆಂಡತಿ ‘ಬೇರೆ ಧರ್ಮಕ್ಕೆ ಮತಾಂತರವಾಗಿ’ ಕ್ರೈಸ್ತರಾಗಿ ಉಳಿಯದಿದ್ದರೆ ಮಾತ್ರ ಅದು ವಿಚ್ಛೇದನಕ್ಕೆ ಆಧಾರ. ನಂಬಿಕೆ ಸುಮ್ಮನೆ ಕರಗಿಹೋದರೆ ಕಾನೂನಿನ ಮಟ್ಟಿಗೆ ಏನೂ ನಡೆದಿಲ್ಲ.

ಇದರ ಬಿಸಿ ಕರ್ನಾಟಕಕ್ಕೆ ಚೆನ್ನಾಗಿಯೇ ತಟ್ಟಿದ್ದು ಕೋಲಾರ ಚಿನ್ನದ ಗಣಿಯಲ್ಲಿ. ಆದಿ ದ್ರಾವಿಡ ಜಾತಿಯಲ್ಲಿ ಹುಟ್ಟಿ 1949ರಲ್ಲಿ ಕ್ರೈಸ್ತರಾಗಿದ್ದ ಎಸ್. ರಾಜಗೋಪಾಲ್ 1967ರಲ್ಲಿ ಅಲ್ಲಿನ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರದಿಂದ ಗೆದ್ದರು. ಕ್ರೈಸ್ತರಾಗಿದ್ದವರು ಆ ಜಾತಿಯವರು ಹೇಗಾಗುತ್ತಾರೆ ಎಂದು ತಕರಾರು ಎದ್ದಿತು. ಸುಪ್ರೀಂ ಕೋರ್ಟು 1968ರಲ್ಲಿ ಅವರ ಕೈಬಿಟ್ಟಿತು: ಮರಳಿ ಹಿಂದೂ ಆದರೂ ಹಳೆಯ ಜಾತಿ ಮರಳಿ ಬಂದದ್ದಕ್ಕೆ ಪುರಾವೆ ಸಾಲದು. 1972ರಲ್ಲಿ ಮತ್ತೆ ಗೆದ್ದರು, ಮತ್ತೆ ತಕರಾರು. 1975ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ಅವರ ಪರ ನಿಂತಿತು. ಸಾಕ್ಷ್ಯಗಳೇನು? ಮಾರಿಯಮ್ಮನ ಗುಡಿಯ ಗೋಡೆಗೆ ಅಡಿಗಲ್ಲು ಹಾಕಲು ಅವರನ್ನು ಕರೆದದ್ದು, ಮಕ್ಕಳ ಹೆಸರಿನ ಮುಂದೆ ಶಾಲೆಯ ದಾಖಲೆಯಲ್ಲಿ ಹಿಂದೂ ಆದಿ ದ್ರಾವಿಡ ಎಂದಿದ್ದದ್ದು. ಅವರೊಳಗಿನ ನಂಬಿಕೆ ಏನಾಯಿತು ಎಂಬುದಕ್ಕಿಂತ ಜಾತಿಯವರು ಸೇರಿಸಿಕೊಂಡರೇ ಎಂಬುದೇ ತೂಕದ ಪ್ರಶ್ನೆಯಾಯಿತು.

ಮೀಸಲಾತಿಯ ಲಾಭ ಕೇಳುವವರಿಂದ ಪುರಾವೆ ಕೇಳುವುದು ತಪ್ಪೇ ಎಂದು ಯಾರಾದರೂ ಆಕ್ಷೇಪಿಸಬಹುದು. ತಪ್ಪಲ್ಲ. ಆದರೆ 2014ರ ಬಾಂಬೆ ಹೈಕೋರ್ಟಿನ ಅರ್ಜಿದಾರರು ಯಾವ ಲಾಭವನ್ನೂ ಕೇಳಿರಲಿಲ್ಲ. ಕ್ರೈಸ್ತ ಎಂಬುದನ್ನು ತೆಗೆದು ‘ಯಾವ ಧರ್ಮವೂ ಇಲ್ಲ’ ಎಂದು ಗೆಜೆಟ್‌ನಲ್ಲಿ ಹಾಕಿ ಎಂದಷ್ಟೇ ಕೇಳಿದ್ದರು. ಸರ್ಕಾರಿ ಮುದ್ರಣಾಲಯ ನಿರಾಕರಿಸಿತ್ತು. ನ್ಯಾಯಮೂರ್ತಿ ಅಭಯ್ ಓಕ (ಮುಂದೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದವರು) ಅವರಿದ್ದ ಪೀಠ, ಸಂವಿಧಾನದ 25ನೇ ವಿಧಿಯ ಆತ್ಮಸಾಕ್ಷಿಯ ಸ್ವಾತಂತ್ರ್ಯದಲ್ಲಿ ಧರ್ಮವಿಲ್ಲ ಎನ್ನುವ ಹಕ್ಕೂ ಸೇರಿದೆ, ಧರ್ಮ ಯಾವುದೆಂದು ಹೇಳಲೇಬೇಕೆಂದು ಸರ್ಕಾರ ಒತ್ತಾಯಿಸುವಂತಿಲ್ಲ ಎಂದಿತು. ಆ ಅರ್ಜಿದಾರರು ಯೇಸುವನ್ನು ನಂಬುತ್ತಿದ್ದರಲ್ಲ, ನಾಸ್ತಿಕರಿಗೆ ಈ ತೀರ್ಪು ಹೇಗೆ ಅನ್ವಯ ಎನ್ನುವವರಿದ್ದಾರೆ. ಅರ್ಜಿದಾರರದು ಹೊಸ ನಿಲುವೇನಲ್ಲ. ಮರಾಠಿ ಕವಿ ನಾರಾಯಣ ವಾಮನ ತಿಲಕರು 1917ರಲ್ಲಿ ಮಿಷನ್ ಬಿಟ್ಟು ‘ದೇವಾಚಾ ದರಬಾರ್’ ಕಟ್ಟಿದ್ದು ಕ್ರಿಸ್ತನನ್ನು ಬಿಡದೆಯೇ. ಪೀಠ ಎತ್ತಿಹಿಡಿದದ್ದು ನಂಬಿಕೆಯ ಪ್ರಮಾಣವನ್ನಲ್ಲ, ನಿರಾಕರಿಸುವ ಹಕ್ಕನ್ನು. ಪೂರ್ತಿ ನಂಬಿಕೆ ಕಳೆದುಕೊಂಡವರಿಗೂ ಅದು ಅಷ್ಟೇ ಸಲ್ಲುತ್ತದೆ.

2011ರ ಜನಗಣತಿಯಲ್ಲಿ ಧರ್ಮ ಹೇಳದವರು ಸುಮಾರು 29 ಲಕ್ಷ. ಇವರಲ್ಲಿ ಚರ್ಚು ಬಿಟ್ಟವರೆಷ್ಟು ಎಂಬುದನ್ನು ಆ ಅಂಕಿ ಬಿಡಿಸಿ ತೋರಿಸುವುದಿಲ್ಲ. ಇನ್ನು 1950ರ ಪರಿಶಿಷ್ಟ ಜಾತಿ ಆದೇಶ ಇಂದಿಗೂ ಹಿಂದೂ, ಸಿಖ್, ಬೌದ್ಧರನ್ನು ಬಿಟ್ಟು ಬೇರೆ ಧರ್ಮ ಅನುಸರಿಸುವವರನ್ನು ಹೊರಗಿಡುತ್ತದೆ; ಯಾವ ಧರ್ಮವನ್ನೂ ಅನುಸರಿಸದ ದಲಿತನ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ರಾಜಗೋಪಾಲ್ ಚರ್ಚು ಬಿಟ್ಟು ಮಾರಿಯಮ್ಮನ ಗುಡಿಯ ಕಡೆಗೂ ಹೋಗದಿದ್ದರೆ, 1975ರ ಪೀಠದ ಮುಂದೆ ಯಾವ ಸಾಕ್ಷಿಯನ್ನು ನಿಲ್ಲಿಸುತ್ತಿದ್ದರು?