ಸೇನಾ ಶುಶ್ರೂಷಕರು ಮತ್ತು ವೈದ್ಯಸಹಾಯಕ ವೃತ್ತಿ

ವೈದ್ಯಸಹಾಯಕ ವೃತ್ತಿಯು, ಸೈನ್ಯದಲ್ಲಿ ಚಿಕಿತ್ಸಾಕರ್ಮವನ್ನು ಕಲಿತು ಸೇವಾವಧಿ ಮುಗಿದ ಬಳಿಕ ನಾಗರಿಕ ಜೀವನಕ್ಕೆ ಮರಳಿದ ಶುಶ್ರೂಷಕರನ್ನು ಆಧಾರವಾಗಿಟ್ಟುಕೊಂಡು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1965ರಲ್ಲಿ ಆರಂಭವಾಗಿ, ಇಂದು ಅಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕ ಮಂದಿಗೆ ಜೀವಿಕೆಯಾಗಿರುವ ಉದ್ಯೋಗ. ವೈದ್ಯರೊಡಗೂಡಿ ರೋಗಿಯನ್ನು ಪರೀಕ್ಷಿಸುವುದು, ರೋಗನಿದಾನ ಮಾಡುವುದು, ಔಷಧ ಬರೆದುಕೊಡುವುದು, ಶಸ್ತ್ರಚಿಕಿತ್ಸೆಯಲ್ಲಿ ನೆರವಾಗುವುದು ಇದರ ಮುಖ್ಯ ಕಾರ್ಯಗಳು. ಸೈನಿಕನ ಕೈಯಲ್ಲಿ ಕೌಶಲವು ಮೊದಲಿನಿಂದಲೂ ಇದ್ದಿತು. ಅದನ್ನು ಕೌಶಲವೆಂದು ಅಂಗೀಕರಿಸಿ ಅಧಿಕಾರಪತ್ರವನ್ನು ನೀಡಬಲ್ಲ ಸಂಸ್ಥೆ ಬಹುಕಾಲ ಹುಟ್ಟಲಿಲ್ಲವೆಂಬುದೇ ಈ ವೃತ್ತಿಯ ಇತಿಹಾಸವನ್ನು ಪರಿಶೀಲಿಸುವವರಿಗೆ ಎದ್ದು ತೋರುವ ಸಂಗತಿ.

ರಣಾಂಗಣದಲ್ಲಿ ಗಾಯಾಳುವಿನ ಬಳಿಗೆ ಮೊದಲು ಧಾವಿಸುವವನು ಶುಶ್ರೂಷಕ; ನೌಕೆಗಳಲ್ಲಂತೂ ಅನೇಕ ವೇಳೆ ಅವನೇ ವೈದ್ಯ. 1942ರ ಸೆಪ್ಟೆಂಬರಿನಲ್ಲಿ ಶತ್ರುವಿನ ಅಧೀನದಲ್ಲಿದ್ದ ಸಮುದ್ರದಲ್ಲಿ ಸಂಚರಿಸುತ್ತಿದ್ದ ‘ಸೀಡ್ರ್ಯಾಗನ್’ ಎಂಬ ಅಮೆರಿಕದ ಜಲಾಂತರ್ಗಾಮಿಯಲ್ಲಿ ಡ್ಯಾರೆಲ್ ರೆಕ್ಟರ್ ಎಂಬ ನಾವಿಕನಿಗೆ ಅಪೆಂಡಿಸೈಟಿಸ್ ಉಲ್ಬಣಿಸಿದಾಗ, ಹಡಗಿನಲ್ಲಿ ವೈದ್ಯರೊಬ್ಬರೂ ಇಲ್ಲದ ಕಾರಣ, ಅದುವರೆಗೆ ಸ್ವತಃ ಶಸ್ತ್ರಕ್ರಿಯೆ ಮಾಡಿರದ ವೀಲರ್ ಲೈಪ್ಸ್ ಎಂಬ ಶುಶ್ರೂಷಕನು ಅಧಿಕಾರಿಗಳ ಊಟದ ಮೇಜಿನ ಮೇಲೆಯೇ ರೋಗಿಯನ್ನು ಮಲಗಿಸಿ, ಬಗ್ಗಿಸಿದ ಚಮಚಗಳಿಂದ ಗಾಯದ ಅಂಚುಗಳನ್ನು ಹಿಡಿಸಿ, ಚಹಾ ಸೋಸುವ ಜಾಲರಿಯ ಮೂಲಕ ಈಥರ್ ಕೊಡಿಸಿ, ಟಾರ್ಪೆಡೊಗೆಂದು ಇರಿಸಿದ್ದ ಮದ್ಯಸಾರದಿಂದ ಉಪಕರಣಗಳನ್ನು ಶುದ್ಧಿಗೊಳಿಸಿ, ಕೆಟ್ಟ ಅಂಗವನ್ನು ತೆಗೆದುಹಾಕಿದನು. ರೆಕ್ಟರ್ ಗುಣಹೊಂದಿ ಕೆಲವೇ ದಿನಗಳಲ್ಲಿ ತನ್ನ ಕೆಲಸಕ್ಕೆ ಮರಳಿದನು. ಇದು ಅಸಾಧಾರಣ ಪ್ರಸಂಗ, ನಿಜ. ಆದರೆ ರಕ್ತಸ್ರಾವವನ್ನು ತಡೆಯುವುದು, ಉಸಿರಾಟದ ದಾರಿಯನ್ನು ತೆರವುಗೊಳಿಸುವುದು, ರಕ್ತನಾಳಕ್ಕೆ ದ್ರವವನ್ನು ಹರಿಸುವುದು, ಯಾರನ್ನು ಮೊದಲು ಸಾಗಿಸತಕ್ಕದ್ದೆಂದು ಕ್ಷಣಮಾತ್ರದಲ್ಲಿ ನಿರ್ಣಯಿಸುವುದು ಇವು ಶುಶ್ರೂಷಕನ ನಿತ್ಯಕರ್ಮಗಳು. ಅದೇ ಮನುಷ್ಯನು ಸಮವಸ್ತ್ರವನ್ನು ಕಳಚಿ ಊರಿಗೆ ಬಂದು ಆಸ್ಪತ್ರೆಯ ಬಾಗಿಲನ್ನು ತಟ್ಟಿದರೆ, ಅವನಿಗೆ ಬಹುಮಟ್ಟಿಗೆ ದೊರೆಯುತ್ತಿದ್ದುದು ರೋಗಿಗಳ ಹಾಸಿಗೆಯನ್ನು ಸರಿಪಡಿಸುವ ಕೆಲಸ.

ಈ ಸಮಸ್ಯೆ ಅಮೆರಿಕದ್ದೊಂದೇ ಅಲ್ಲ. 1864ರ ಬಳಿಕ ರಷ್ಯದ ಗ್ರಾಮಾಂತರ ಪ್ರದೇಶಗಳಲ್ಲಿ ‘ಜೆಮ್‌ಸ್ತ್ವೋ’ ಎಂಬ ಸ್ಥಳೀಯ ಆಡಳಿತಗಳು ಸ್ಥಾಪಿತವಾದಾಗ, ವೈದ್ಯರ ಅಭಾವದಿಂದಾಗಿ, ಸೈನ್ಯದಿಂದ ನಿವೃತ್ತರಾದ ‘ಫೆಲ್ಡ್‌ಷರ್’ ಎಂಬ ಶುಶ್ರೂಷಕರೇ ಹಳ್ಳಿಗಳ ಆರೋಗ್ಯರಕ್ಷಣೆಯ ಭಾರವನ್ನು ಹೊತ್ತರು. ವೈದ್ಯಸಮುದಾಯವು ಇದನ್ನು ಬಲವಾಗಿ ಆಕ್ಷೇಪಿಸಿತು. ಮೇಲ್ವಿಚಾರಣೆಯಿಲ್ಲದ ಚಿಕಿತ್ಸೆಯ ಬಗೆಗೆ ಆ ಆಕ್ಷೇಪ ಸಕಾರಣವಾದುದೇ; ಆದರೂ ವೈದ್ಯರೇ ಇಲ್ಲದ ಹಳ್ಳಿಗೆ ಅದು ಪರಿಹಾರವನ್ನೇನೂ ಸೂಚಿಸಲಿಲ್ಲ.

ಸಮಾಧಾನಕರವಾದ ಮಾರ್ಗವು ದೊರೆತದ್ದು ಉತ್ತರ ಕೆರೊಲಿನದ ಡರ್ಹಮ್ ನಗರದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ವೈದ್ಯಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಯೂಜಿನ್ ಸ್ಟೆಡ್, ಅನುಭವೀ ದಾದಿಯರಿಗೆ ಉನ್ನತ ಶಿಕ್ಷಣವನ್ನಿತ್ತು ಅವರಿಗೆ ಹೆಚ್ಚಿನ ಹೊಣೆಯನ್ನು ವಹಿಸಬೇಕೆಂದು ಥೆಲ್ಮಾ ಇಂಗಲ್ಸ್ ಅವರೊಡನೆ ಮೊದಲು ಯತ್ನಿಸಿದರು. ದಾದಿಯರ ರಾಷ್ಟ್ರೀಯ ಸಂಸ್ಥೆಯು ಅದಕ್ಕೆ ಮಾನ್ಯತೆ ಕೊಡಲಿಲ್ಲ. ಇತ್ತ ಅದೇ ರಾಜ್ಯದ ಗಾರ್ಲೆಂಡ್ ಎಂಬ ಚಿಕ್ಕ ಊರಿನಲ್ಲಿ ಆಮೋಸ್ ಜಾನ್ಸನ್ ಎಂಬ ವೈದ್ಯರು, ತಾವೇ ಕಲಿಸಿದ ಬಡ್ಡಿ ಟ್ರೆಡ್‌ವೆಲ್ ಎಂಬ ಸಹಾಯಕನಿಗೆ ಚಿಕಿತ್ಸಾಲಯವನ್ನು ಒಪ್ಪಿಸಿ ನಿಶ್ಚಿಂತೆಯಿಂದ ಊರು ಬಿಡಬಲ್ಲವರಾಗಿದ್ದುದು ಸ್ಟೆಡ್ ಅವರ ಗಮನದಲ್ಲಿತ್ತು. ನೌಕಾದಳದಲ್ಲಿ ಶುಶ್ರೂಷಕರಾಗಿದ್ದ ನಾಲ್ವರನ್ನು ಆರಿಸಿಕೊಂಡು 1965ರಲ್ಲಿ ಅವರು ಎರಡು ವರ್ಷಗಳ ಶಿಕ್ಷಣವನ್ನು ಪ್ರಾರಂಭಿಸಿದರು: ಒಂಬತ್ತು ತಿಂಗಳು ಶಾಸ್ತ್ರಪಾಠ, ಹದಿನೈದು ತಿಂಗಳು ರೋಗಿಗಳ ನಡುವೆ ಅಭ್ಯಾಸ. 1967ರ ಅಕ್ಟೋಬರ್ 6ರಂದು ಮೂವರು ತೇರ್ಗಡೆ ಹೊಂದಿದರು. ಈ ಸಣ್ಣ ಸಂಖ್ಯೆಯಿಂದಲೇ ಒಂದು ವೃತ್ತಿ ಬೆಳೆಯಿತೆಂಬುದು ಸ್ಮರಣೀಯ.

ಸ್ಟೆಡ್ ಅವರದು ವಿಶ್ವವಿದ್ಯಾಲಯದ ದೃಷ್ಟಿ. 1969ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ‘ಮೆಡೆಕ್ಸ್’ ಎಂಬ ಯೋಜನೆಯನ್ನು ಹೂಡಿದ ರಿಚರ್ಡ್ ಸ್ಮಿತ್ ಅವರದು ಹಳ್ಳಿಯ ದೃಷ್ಟಿ. ವಿಯೆಟ್ನಾಂ ಯುದ್ಧದಿಂದ ಮರಳುತ್ತಿದ್ದ ಶುಶ್ರೂಷಕರು ಈಗಾಗಲೇ ಬಹಳಷ್ಟನ್ನು ಬಲ್ಲವರೆಂದು ನಂಬಿದ ಅವರು, ತರಗತಿಯ ಪಾಠವನ್ನು ಸುಮಾರು ಮೂರು ತಿಂಗಳಿಗೆ ಮಿತಗೊಳಿಸಿ, ಉಳಿದ ಒಂದು ವರ್ಷವನ್ನು ಗ್ರಾಮಾಂತರದ ವೈದ್ಯರೊಬ್ಬರ ಬಳಿ ಕಳೆಯುವಂತೆ ಏರ್ಪಡಿಸಿದರು. ಇಂಥ ಶಿಷ್ಯನಿಗೆ ಇಂಥ ವೈದ್ಯರೆಂಬ ಹೊಂದಾಣಿಕೆಯನ್ನು ಮುಂದಾಗಿಯೇ ಮಾಡಿಕೊಂಡದ್ದರಿಂದ, ಶಿಕ್ಷಣ ಮುಗಿಸಿದವನು ಉದ್ಯೋಗಕ್ಕಾಗಿ ಅಲೆಯಬೇಕಾಗಲಿಲ್ಲ. ವೈದ್ಯರಿಗೂ ಆತನ ಬಲಾಬಲಗಳು ತಿಳಿದಿರುತ್ತಿದ್ದುವು. ಇಂಥ ಯೋಜನೆಗಳಲ್ಲೆಲ್ಲ ಅನುಕರಣಯೋಗ್ಯವಾದುದು ಇದೇ ಎಂದು ತೋರುತ್ತದೆ.

ಶುಶ್ರೂಷಕನಿಗೆ ಕಲಿಯಬೇಕಾದುದು ಏನೂ ಇಲ್ಲವೆಂದು ಇದರ ಅರ್ಥವಲ್ಲ. ಸೈನ್ಯದಲ್ಲಿ ಅವನು ಕಾಣುವ ರೋಗಿಗಳು ಪ್ರಾಯಶಃ ಆರೋಗ್ಯವಂತರಾದ ತರುಣರು. ಊರಿನ ಚಿಕಿತ್ಸಾಲಯಕ್ಕೆ ಬರುವವರೋ ಮಧುಮೇಹದ ವೃದ್ಧರು, ಗರ್ಭಿಣಿಯರು, ಜ್ವರಬಂದ ಕೂಸುಗಳು, ಹತ್ತು ವರ್ಷಗಳಿಂದ ರಕ್ತದೊತ್ತಡದ ಗುಳಿಗೆ ನುಂಗುತ್ತಿರುವವರು. ಗುಂಡೇಟನ್ನು ಧೈರ್ಯದಿಂದ ಎದುರಿಸಿದವನಿಗೂ ದೀರ್ಘವ್ಯಾಧಿಯ ತಾಳ್ಮೆಯನ್ನು ಹೊಸದಾಗಿ ಕಲಿಸಬೇಕಾಗುತ್ತದೆ.

1973ರಲ್ಲಿ ರಾಷ್ಟ್ರಮಟ್ಟದ ಅರ್ಹತಾಪರೀಕ್ಷೆ ಮೊದಲಾಯಿತು. ರಾಜ್ಯಗಳು ಒಂದೊಂದಾಗಿ ಶಾಸನಗಳನ್ನು ರಚಿಸಿದುವು. ಆದರೆ ವೃತ್ತಿಯ ಪ್ರತಿಷ್ಠೆ ಏರಿದಂತೆ ಪ್ರವೇಶದ ಹೊಸ್ತಿಲೂ ಎತ್ತರವಾಯಿತು. ಇಂದು ಅದು ಸ್ನಾತಕೋತ್ತರ ಪದವಿಯನ್ನು ಅಪೇಕ್ಷಿಸುವುದರಿಂದ, ಯಾರಿಗಾಗಿ ಈ ಬಾಗಿಲು ತೆರೆಯಿತೋ ಆ ಪದವಿಹೀನ ಶುಶ್ರೂಷಕರೇ ಹೊರಗೆ ನಿಲ್ಲುವಂತಾಗಿದೆಯೆಂಬುದು ವ್ಯಥೆಯ ವಿಷಯ. ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ತರಬೇತಿ ಪಡೆದ ಭೂಸೇನೆಯ ಶುಶ್ರೂಷಕನು ನಾಗರಿಕ ತುರ್ತುಚಿಕಿತ್ಸಕನ ಪ್ರಾಥಮಿಕ ಪ್ರಮಾಣಪತ್ರವನ್ನು ಪಡೆದಿರುತ್ತಾನಾದರೂ, ಅದು ಅವನ ನೈಜ ಸಾಮರ್ಥ್ಯದ ಒಂದಂಶವನ್ನು ಮಾತ್ರ ಹೇಳುತ್ತದೆ. ನಿವೃತ್ತ ಯೋಧರ ಸರಕಾರಿ ಆಸ್ಪತ್ರೆಗಳು 2012ರಿಂದ ಇಂಥವರನ್ನು ಮಧ್ಯಮಸ್ತರದ ತಂತ್ರಜ್ಞರನ್ನಾಗಿ ನೇಮಿಸಿಕೊಳ್ಳತೊಡಗಿದುದೂ, ವಿಶೇಷದಳಗಳ ಶುಶ್ರೂಷಕರ ಅನುಭವವನ್ನು ಲಕ್ಷ್ಯದಲ್ಲಿರಿಸಿ ಉತ್ತರ ಕೆರೊಲಿನ ವಿಶ್ವವಿದ್ಯಾಲಯವು 2016ರಲ್ಲಿ ಶಿಕ್ಷಣವನ್ನು ಆರಂಭಿಸಿದುದೂ ಈ ಕೊರತೆಯನ್ನು ತುಂಬುವ ಯತ್ನಗಳು.

ಭಾರತದಲ್ಲಿ ವೈದ್ಯಸಹಾಯಕರ ಶಿಕ್ಷಣವು 1992ರಲ್ಲಿ ಹೃದಯಶಸ್ತ್ರವೈದ್ಯ ಕೆ. ಎಂ. ಚೆರಿಯನ್ ಅವರ ಪ್ರಯತ್ನದಿಂದ ಮದರಾಸಿನಲ್ಲಿ ಮೊದಲಾಯಿತು. ಅದು ಸೈನಿಕರನ್ನು ಉದ್ದೇಶಿಸಿದುದಲ್ಲ. ಲಖನೌದ ಸೇನಾ ವೈದ್ಯಕೀಯ ದಳದ ಕೇಂದ್ರದಲ್ಲಿ ಪಳಗಿ, ಹಿಮಾಲಯದ ಠಾಣ್ಯಗಳಲ್ಲಿ ಸೇವೆ ಸಲ್ಲಿಸಿ, ದುಡಿಯುವ ವಯಸ್ಸಿನಲ್ಲಿಯೇ ಕೊಡಗಿಗೋ ಬೆಳಗಾವಿಗೋ ಹಿಂತಿರುಗುವ ನರ್ಸಿಂಗ್ ಅಸಿಸ್ಟೆಂಟರ ಅನುಭವಕ್ಕೆ, 2021ರ ಸಹಾಯಕ ಆರೋಗ್ಯವೃತ್ತಿಗಳ ಅಧಿನಿಯಮದಡಿ ರಚಿತವಾಗುವ ಪರಿಷತ್ತುಗಳು ಶಿಕ್ಷಣಾವಧಿಯಲ್ಲಿ ತಕ್ಕ ರಿಯಾಯಿತಿಯನ್ನು ನಿಗದಿಗೊಳಿಸುವುದು ಯುಕ್ತವಾದೀತು.