ಪವಾಯಿ: ಬದಲಾಗುವ ಬೀದಿ–ಕಟ್ಟಡಗಳ ಛಾಯಾದಾಖಲೆ

ಮುಂಬಯಿ ಮಹಾನಗರದ ಉಪನಗರಗಳಲ್ಲಿ ಪವಾಯಿಯಷ್ಟು ರೂಪಾಂತರ ಹೊಂದಿದ ಪ್ರದೇಶಗಳು ವಿರಳ. ಕೆರೆಯ ದಂಡೆ, ಹುಲ್ಲುಗುಡ್ಡ, ಕಲ್ಲುಕ್ವಾರಿ ಹಾಗೂ ಕೆಲವು ಪುಟ್ಟ ಹಳ್ಳಿಗಳಿದ್ದ ಸ್ಥಳದಲ್ಲಿ ಇಂದು ಗಗನಚುಂಬಿ ವಸತಿ ಸಮುಚ್ಚಯಗಳು ತಲೆಯೆತ್ತಿವೆ. ಇಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳ ಹಳೆಯ ಆಲ್ಬಮ್‌ಗಳಲ್ಲಿ ಈ ಪರಿವರ್ತನೆಯ ಸಾಕ್ಷ್ಯವು ಅರಿವಿಲ್ಲದೆಯೇ ಸಂಗ್ರಹವಾಗಿದೆ. ಚಿತ್ರದ ಮುನ್ನೆಲೆಯಲ್ಲಿ ನಾವು ನಿಂತಿದ್ದೇವೆ. ಹಿನ್ನೆಲೆಯಲ್ಲಿ ಇಂದು ಇಲ್ಲದ ಬೀದಿಯೊಂದು ನಿಂತಿದೆ. ಆ ಹಿನ್ನೆಲೆಯನ್ನು ಗುರುತಿಸಬಲ್ಲ ಹಿರಿಯರು ನಮ್ಮೊಡನಿರುವಾಗಲೇ ಅದನ್ನು ದಾಖಲಿಸಿಕೊಳ್ಳುವುದು ಅಗತ್ಯ.

ಪೂರ್ವೇತಿಹಾಸ

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪವಾಯಿಯ ಜಮೀನು ಪಾರ್ಸಿ ವರ್ತಕ ಫ್ರಾಮ್‌ಜಿ ಕಾವಸ್‌ಜಿ ಬನಾಜಿ ಅವರ ವಶದಲ್ಲಿತ್ತು. ಅವರ ತೋಟದ ಮಾವಿನಹಣ್ಣುಗಳು 1838ರಲ್ಲಿ ವಿಕ್ಟೋರಿಯಾ ರಾಣಿಗಾಗಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋದವು. ಛಾಯಾಗ್ರಹಣದ ವಿಧಾನವು ಜಗತ್ತಿಗೆ ಪ್ರಕಟವಾದದ್ದು ಅದರ ಮರುವರ್ಷ, 1839ರಲ್ಲಿ. ಬಾಂಬೆ ಫೋಟೋಗ್ರಾಫಿಕ್ ಸೊಸೈಟಿ ಸ್ಥಾಪನೆಯಾದದ್ದು 1854ರಲ್ಲಿ. ಹೀಗಾಗಿ ಆ ವರ್ಷದ ತೋಟವನ್ನು ಛಾಯಾಚಿತ್ರದಲ್ಲಿ ಕಾಣುವ ಅವಕಾಶ ನಮಗಿಲ್ಲ.

1891ರ ಸುಮಾರಿಗೆ ಮಿಠಿ ನದಿಯ ತೊರೆಗೆ ಅಡ್ಡಗಟ್ಟಿ ಪವಾಯಿ ಕೆರೆಯನ್ನು ನಿರ್ಮಿಸಲಾಯಿತು. ನೀರು ಕುಡಿಯಲು ಯೋಗ್ಯವಾಗದ ಕಾರಣ ನಗರದ ನೀರು ಪೂರೈಕೆಯ ಉದ್ದೇಶವನ್ನು ಕೈಬಿಡಬೇಕಾಯಿತು. ಸ್ವಾತಂತ್ರ್ಯದ ಬಳಿಕ ಸಾಕಿ ವಿಹಾರ್ ರಸ್ತೆಯ ಕಡೆ ಲಾರ್ಸೆನ್ ಆ್ಯಂಡ್ ಟೂಬ್ರೊ ಕಾರ್ಖಾನೆ ಬಂದಿತು. 1958ರಲ್ಲಿ ವರ್ಲಿಯಲ್ಲಿ ತರಗತಿಗಳನ್ನು ಆರಂಭಿಸಿದ್ದ ಐಐಟಿಯ ಪವಾಯಿ ಆವರಣಕ್ಕೆ 1959ರ ಮಾರ್ಚ್ 10ರಂದು ಪ್ರಧಾನಿ ಜವಾಹರಲಾಲ್ ನೆಹರೂ ಶಂಕುಸ್ಥಾಪನೆ ನೆರವೇರಿಸಿದರು. 1963ರಲ್ಲಿ ಸ್ವಾಮಿ ಚಿನ್ಮಯಾನಂದರ ಸಾಂದೀಪನಿ ಸಾಧನಾಲಯವೂ, ವಿಹಾರ್ ಕೆರೆಯ ಬಳಿ 2023ರಿಂದ ಐಐಎಂ ಮುಂಬಯಿ ಎನಿಸಿರುವ ನೈಟಿ ಸಂಸ್ಥೆಯೂ ಪ್ರಾರಂಭವಾದವು.

ಅತಿ ದೊಡ್ಡ ಬದಲಾವಣೆ 1980ರ ದಶಕದ ಉತ್ತರಾರ್ಧದಲ್ಲಿ ಮೊದಲಾಯಿತು. ಪವಾಯಿ, ತಿರಂದಾಜ್ ಮತ್ತು ಕೋಪ್ರಿ ಹಳ್ಳಿಗಳ ಜಮೀನಿನ ಕುರಿತು 1986ರಲ್ಲಿ ತ್ರಿಪಕ್ಷೀಯ ಒಪ್ಪಂದವಾಯಿತು. 40 ಹಾಗೂ 80 ಚದರ ಮೀಟರಿನ ಮನೆಗಳನ್ನು ಕಟ್ಟಬೇಕೆಂಬುದು ಅದರ ಷರತ್ತು. ವಾಸ್ತುಶಿಲ್ಪಿ ಹಫೀಝ್ ಕಾಂಟ್ರಾಕ್ಟರ್ ಅವರ ವಿನ್ಯಾಸದಲ್ಲಿ ಗ್ರೀಕ್–ರೋಮನ್ ಮಾದರಿಯ ಕಂಬ, ಕಮಾನುಗಳ ಹೀರಾನಂದಾನಿ ಗಾರ್ಡನ್ಸ್ ಮೇಲೆದ್ದಿತು. ಸಾಮಾನ್ಯರ ಕೈಗೆಟುಕುವ ಮನೆಗಳ ಷರತ್ತು ನ್ಯಾಯಾಲಯದ ಮೆಟ್ಟಿಲೇರಿ, 2012ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಅಂತಹ ಮನೆಗಳನ್ನು ಕಟ್ಟಿಕೊಡುವಂತೆ ಆದೇಶಿಸಿತು.

ಛಾಯಾಚಿತ್ರ ಏಕೆ ಮುಖ್ಯ?

ಹೊರದೇಶಗಳಲ್ಲಿ ನಗರಾಡಳಿತಗಳೇ ಇಂತಹ ಕಾರ್ಯವನ್ನು ಮಾಡಿಸಿದ ನಿದರ್ಶನಗಳಿವೆ. 1860ರ ದಶಕದಲ್ಲಿ ಪ್ಯಾರಿಸ್ ನಗರವು ಕೆಡವಲಿದ್ದ ಹಳೆಯ ಓಣಿಗಳನ್ನು ಚಾರ್ಲ್ಸ್ ಮಾರ್ವಿಲ್ ಎಂಬ ಛಾಯಾಗ್ರಾಹಕನಿಂದ ಮೊದಲೇ ಚಿತ್ರೀಕರಿಸಿಕೊಂಡಿತು. ನಮ್ಮಲ್ಲಿ ಛಾಯಾಚಿತ್ರಕ್ಕೆ ಇನ್ನೊಂದು ಬಗೆಯ ಬೆಲೆಯೂ ಉಂಟು. 1976ರಲ್ಲಿ ಮಹಾರಾಷ್ಟ್ರ ಸರಕಾರವು ಮುಂಬಯಿಯ ಗುಡಿಸಲುಗಳ ಗಣತಿ ನಡೆಸಿ ನಿವಾಸಿಗಳಿಗೆ 'ಫೋಟೋಪಾಸ್' ನೀಡಿತು. ಬಡವನ ಪಾಲಿಗೆ ಅದು ನೆಲೆಯ ಪುರಾವೆಯಾಯಿತು.

ಪವಾಯಿಯಲ್ಲಿ ದಾಖಲೆಯ ಅಗತ್ಯ ಇಂದಿಗೂ ತೀರಿಲ್ಲ. ಕೆರೆಯ ಅಂಚಿನಲ್ಲಿ ಮಹಾನಗರಪಾಲಿಕೆ ಕೈಗೊಂಡ ಸೈಕಲ್ ಪಥದ ಕಾಮಗಾರಿಯನ್ನು 2022ರ ಮೇ ತಿಂಗಳಲ್ಲಿ ಉಚ್ಚ ನ್ಯಾಯಾಲಯವು ಕಾನೂನುಬಾಹಿರವೆಂದು ಸಾರಿ, ಅದನ್ನು ತೆರವುಗೊಳಿಸಲು ಆದೇಶಿಸಿತು. 2024ರ ಜೂನ್‌ನಲ್ಲಿ, ಮಳೆಗಾಲದ ಹೊಸ್ತಿಲಲ್ಲಿ, ಜೈ ಭೀಮ್ ನಗರದ ಗುಡಿಸಲುಗಳು ನೆಲಸಮವಾದವು. ಕೆರೆಯ ದಡ ಎಲ್ಲಿಯವರೆಗಿತ್ತು, ಯಾವ ಓಣಿಯಲ್ಲಿ ಯಾರ ಮನೆಯಿತ್ತು ಎಂಬ ಪ್ರಶ್ನೆ ಎದ್ದಾಗ ಬಾಯಿಮಾತಿಗಿಂತ ದಿನಾಂಕವುಳ್ಳ ಚಿತ್ರಕ್ಕೆ ಹೆಚ್ಚಿನ ತೂಕವಿರುತ್ತದೆ.

ಎಲ್ಲಿ, ಏನನ್ನು ಚಿತ್ರಿಸಬೇಕು?

ಆದಿ ಶಂಕರಾಚಾರ್ಯ ಮಾರ್ಗದ ಬದಿಯ ಕೆರೆದಂಡೆ ಮತ್ತು ಗಣೇಶ ಘಾಟ್ ಮೊದಲ ನೆಲೆಗಳು. ಮಳೆಗಾಲದಲ್ಲಿ ಕೆರೆ ತುಂಬಿ ಹರಿಯುವಾಗ ಒಮ್ಮೆ, ಬೇಸಗೆಯಲ್ಲಿ ಜಲಪರ್ಣಿ ಕಳೆ ಹಬ್ಬಿದಾಗ ಇನ್ನೊಮ್ಮೆ ಚಿತ್ರ ತೆಗೆಯುವುದು ಒಳಿತು. ಎರಡನೆಯದು, ಜೋಗೇಶ್ವರಿ–ವಿಕ್ರೋಲಿ ಜೋಡುರಸ್ತೆ. 2000ರ ದಶಕದ ಅಗಲೀಕರಣವೂ, 2018ರಲ್ಲಿ ಆರಂಭಗೊಂಡ ಮೆಟ್ರೋ ಆರನೆಯ ಮಾರ್ಗದ ಕಾಮಗಾರಿಯೂ ಈ ರಸ್ತೆಯ ಮುಖವನ್ನೇ ಬದಲಿಸಿವೆ. ಸಾಕಿ ವಿಹಾರ್ ರಸ್ತೆ, ಕ್ವಾರಿಗಳಿದ್ದ ಚಾಂದಿವಲಿ ಹಾಗೂ ತಿರಂದಾಜ್ ಹಳ್ಳಿಯ ಉಳಿದಿರುವ ಓಣಿಗಳೂ ಪಟ್ಟಿಯಲ್ಲಿರಲಿ.

ಭವ್ಯ ಕಟ್ಟಡಗಳ ಚಿತ್ರಗಳು ಜಾಹೀರಾತಿನಲ್ಲಿಯೂ ಸಿಗುತ್ತವೆ. ಉಡುಪಿ ಹೋಟೆಲಿನ ನಾಮಫಲಕ, ಕಿರಾಣಿ ಅಂಗಡಿ, ಬೆಸ್ಟ್ ಬಸ್ ನಿಲ್ದಾಣ, ಹಿಟ್ಟಿನ ಗಿರಣಿ ಇವುಗಳನ್ನು ಮಾತ್ರ ಯಾರೂ ಚಿತ್ರಿಸಿಡುವುದಿಲ್ಲ; ಅಳಿಯುವವೂ ಇವೇ ಮೊದಲು. ಬಂಟರ ಸಂಘದ ಎಸ್. ಎಂ. ಶೆಟ್ಟಿ ಶಿಕ್ಷಣ ಸಂಸ್ಥೆಯಲ್ಲಿ ಕಲಿತ ಮಕ್ಕಳ ವಾರ್ಷಿಕೋತ್ಸವದ ಚಿತ್ರಗಳಲ್ಲಿಯೂ ಪವಾಯಿಯ ನೆರೆಹೊರೆ ಇಣುಕಿರುವ ಸಾಧ್ಯತೆಯುಂಟು.

ಅನುಸರಿಸಬೇಕಾದ ಕ್ರಮ

ಹಳೆಯ ಚಿತ್ರವನ್ನು ಕೈಯಲ್ಲಿ ಹಿಡಿದು ಅದೇ ಸ್ಥಳದಲ್ಲಿ, ಅದೇ ಕೋನದಲ್ಲಿ ನಿಂತು ಹೊಸ ಚಿತ್ರ ತೆಗೆಯಬೇಕು. ಗುಡ್ಡದ ರೇಖೆ, ದೇವಸ್ಥಾನದ ಶಿಖರ ಅಥವಾ ದೊಡ್ಡ ಮರದಂತಹ ಬದಲಾಗದ ಗುರುತೊಂದು ಎರಡರಲ್ಲಿಯೂ ಇರಬೇಕು. ವರ್ಷಕ್ಕೊಮ್ಮೆ ಗೊತ್ತಾದ ದಿನದಂದು ಇದನ್ನು ಪುನರಾವರ್ತಿಸಿದರೆ ಹತ್ತು ವರ್ಷಗಳಲ್ಲಿ ಅಮೂಲ್ಯ ಸರಣಿಯೊಂದು ಸಿದ್ಧವಾಗುತ್ತದೆ. ಪ್ರತಿ ಚಿತ್ರಕ್ಕೂ ದಿನಾಂಕ, ಸ್ಥಳ, ನಿಂತ ದಿಕ್ಕು ಮತ್ತು ತೆಗೆದವರ ಹೆಸರು ಬರೆದಿಡಬೇಕು.

ದಿನಾಂಕವಿಲ್ಲದ ಚೆಕ್ಕನ್ನು ಬ್ಯಾಂಕು ಹಿಂದಿರುಗಿಸುತ್ತದೆ. ದಿನಾಂಕವಿಲ್ಲದ ಚಿತ್ರವೂ ದಾಖಲೆಯಾಗಿ ಅಷ್ಟೇ ದುರ್ಬಲ. ನಮ್ಮ ಮನೆಯಲ್ಲಿ ಮಗಳು ಬಸ್ಸಿಗೆ ಕಾಯುತ್ತಿರುವ ಚಿತ್ರವೊಂದಿದೆ. ಹಿಂದೆ ಹೋಟೆಲೊಂದರ ಫಲಕ ಅರ್ಧ ಕಾಣುತ್ತದೆ. ರಸ್ತೆ ಅಗಲವಾದಾಗ ಹೋಟೆಲು ಹೋಯಿತು. ಅದರ ಮಾಲಕರೂ ತೀರಿಕೊಂಡರು. ಮಗಳ ಸಮವಸ್ತ್ರದಿಂದ ಆಕೆ ಮೂರನೆಯ ತರಗತಿಯಲ್ಲಿದ್ದಳೆಂದು ವರ್ಷವನ್ನೇನೋ ನಿರ್ಧರಿಸಿದೆವು. ಹೋಟೆಲಿನ ಪೂರ್ಣ ಹೆಸರು ಮಾತ್ರ ಮನೆಯಲ್ಲಿ ಯಾರಿಗೂ ನೆನಪಾಗಲಿಲ್ಲ.

ಕಾನೂನು ಮತ್ತು ಸೌಜನ್ಯ

1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮಿನಂತೆ ಕಟ್ಟಡದ ಛಾಯಾಚಿತ್ರ ತೆಗೆದು ಪ್ರಕಟಿಸುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ಆದರೆ ವಿದ್ಯಾಸಂಸ್ಥೆ, ಕಾರ್ಖಾನೆ ಹಾಗೂ ವಸತಿ ಸೊಸೈಟಿಗಳ ಆವರಣದೊಳಗೆ ಅನುಮತಿ ಪಡೆಯುವುದು ಅವಶ್ಯ. ಗುಡಿಸಲು ಪ್ರದೇಶಗಳಲ್ಲಿ ಮನೆಯವರನ್ನು ಕೇಳಿಯೇ ಕ್ಯಾಮರಾ ಎತ್ತಬೇಕು. ಸಾಧ್ಯವಾದರೆ ಒಂದು ಪ್ರತಿಯನ್ನು ಅವರಿಗೂ ಕೊಡಬೇಕು.

ಸಂರಕ್ಷಣೆ

ಅಂಟುಹಾಳೆಯ ಆಲ್ಬಮ್‌ಗಳು ಚಿತ್ರಗಳನ್ನು ಕೆಡಿಸುತ್ತವೆ. ಮುಂಬಯಿಯ ಮಳೆಗಾಲದ ತೇವದಿಂದ ಬೂಷ್ಟು ಹಿಡಿಯುತ್ತದೆ. ಆದುದರಿಂದ ಹಳೆಯ ಚಿತ್ರಗಳನ್ನು ಜಾಗರೂಕತೆಯಿಂದ ಬಿಡಿಸಿ, ಆಮ್ಲರಹಿತ ಕಾಗದದ ಲಕೋಟೆಗಳಲ್ಲಿಟ್ಟು, ಸ್ಕ್ಯಾನ್ ಮಾಡಿಸಬೇಕು. ನೆಗೆಟಿವ್‌ಗಳನ್ನು ಎಸೆಯಕೂಡದು. ಗಣಕೀಕೃತ ಪ್ರತಿಗಳು ಕನಿಷ್ಠ ಎರಡು ಬೇರೆ ಬೇರೆ ಸ್ಥಳಗಳಲ್ಲಿರಲಿ. ಹಿಂಬದಿಯಲ್ಲಿ ಬರೆಯುವುದಾದರೆ ಮೃದುವಾದ ಪೆನ್ಸಿಲ್ ಮಾತ್ರ ಬಳಸಬೇಕು.

ಉಪಸಂಹಾರ

ಈ ನೆಲವನ್ನು ನಾವು ಕರ್ಮಭೂಮಿಯೆಂದು ಕರೆಯುತ್ತೇವೆ. ಊರಿನ ತರವಾಡು ಮನೆಯ ಚಿತ್ರಕ್ಕೆ ಕಟ್ಟುಹಾಕಿಸಿ ಗೋಡೆಗೆ ತೂಗುಹಾಕುವ ನಾವು, ಮೂವತ್ತು–ನಲವತ್ತು ವರ್ಷ ಬದುಕಿದ ಬೀದಿಯನ್ನೂ ಅಷ್ಟೇ ಆದರದಿಂದ ಕಾಣಬೇಕಾಗಿದೆ. ಬರುವ ಭಾನುವಾರ ಓದುಗರು ತಮ್ಮ ಹಳೆಯ ಆಲ್ಬಮನ್ನು ತೆರೆದು, ಮನೆಯ ಹಿರಿಯರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಪ್ರತಿ ಚಿತ್ರದ ಹಿಂದೆ ಕಾಣುವ ರಸ್ತೆ ಯಾವುದೆಂದು ಕೇಳಿ ಬರೆದುಕೊಳ್ಳಲಿ. ಕ್ಯಾಮರಾ ಹಿಡಿದು ಹೊರಡುವುದು ಅನಂತರವೂ ಆದೀತು.