ದೂತಿಯಿಂದ ವರಲಕ್ಷ್ಮಿವರೆಗೆ: ಹಳೆಯ ನಗೆನಟರು ಟಿವಿಯಲ್ಲಿ ಗೆಲ್ಲುತ್ತಾರಾ?

2025ರ ಫೆಬ್ರುವರಿಯಲ್ಲಿ ‘ಮಜಾ ಟಾಕೀಸ್’ ಮತ್ತೆ ಶುರುವಾದಾಗ ನಮ್ಮ ಪಾಲಬಾವಿ ಕಡೆ ಎರಡು ಥರದ ಮಾತು ಕೇಳಿದವು. ‘ಹಳೇ ಮಂದಿನೇ ಬೇಕ್ರಿ, ನಗಸಾಕ ಅವರಿಗೇ ಬರತೈತಿ’ ಅಂದವರು ಕೆಲವರು. ‘ಅದೇ ಮುಖ, ಅದೇ ಮಾತು, ಇನ್ನ ಎಷ್ಟ ನೋಡೂದು?’ ಅಂದವರು ಇನ್ನು ಕೆಲವರು. ಎರಡೂ ಮಾತು ನಟನ ಮೇಲೆಯೇ. ಅವನ ಕೈಗೆ ಕೊಟ್ಟ ಕೆಲಸ ಎಂಥದು ಅಂತ ಯಾರೂ ಕೇಳಲಿಲ್ಲ. ಅದನ್ನು ಕೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಜಿಲ್ಲೆಯ ನಗುವಿನ ಬೇರು ಶ್ರೀಕೃಷ್ಣ ಪಾರಿಜಾತದಲ್ಲಿದೆ. ಅದನ್ನು ಆಟವಾಗಿ ಕಟ್ಟಿದ ಕುಲಗೋಡ ತಮ್ಮಣ್ಣನ ಊರು ಇಲ್ಲೇ ಮೂಡಲಗಿ ಸೀಮೆಯಲ್ಲಿದೆ. ಮುಂದೆ ಕೌಜಲಗಿ ನಿಂಗಮ್ಮ ಅದನ್ನು ಊರೂರಿಗೆ ಮುಟ್ಟಿಸಿದರು. ಕಥೆ ಎಲ್ಲರಿಗೂ ಗೊತ್ತು: ಒಂದು ಹೂವು ರುಕ್ಮಿಣಿಗೆ ಸಿಕ್ಕಿತು, ಸತ್ಯಭಾಮೆ ಮುನಿಸಿಕೊಂಡಳು. ಇಷ್ಟು ಕಥೆಗೆ ಮಂದಿ ಬೆಳಗಿನ ತನಕ ಕೂಡುತ್ತಿದ್ದರು ಅಂದರೆ ಅದರಲ್ಲಿ ದೂತಿ ಮತ್ತು ಭಾಗವತರ ಪಾಲು ದೊಡ್ಡದು. ಹಾಡು ಬಿಗಿಯಾಗಿ ಬರೆದದ್ದು, ಆದರೆ ದೂತಿಯ ಮಾತಿಗೆ ಬರೆದ ಕಾಗದ ಇರಲಿಲ್ಲ. ಎದುರಿಗೆ ಕೂತ ಗೌಡರ ಪಟಗದಿಂದ ಹಿಡಿದು ಆ ವರ್ಷದ ಮಳೆಯವರೆಗೆ ಏನು ಸಿಕ್ಕರೂ ಅವಳ ಬಾಯಿಗೆ ಬರುತ್ತಿತ್ತು. ಮಾತು ದಿನಕ್ಕೊಂದು ಥರ ಇದ್ದರೂ ಪಾತ್ರ ಮಾತ್ರ ಅದೇ ದೂತಿ. ಈ ಸಂಗತಿ ಮುಂದೆ ಬೇಕಾಗುತ್ತದೆ.

ಆಮೇಲೆ ಬಂದದ್ದು ಕಂಪನಿ ನಾಟಕ. ಸವದತ್ತಿ ಕಡೆಯ ಏಣಗಿ ಬಾಳಪ್ಪನವರು 1914ರಲ್ಲಿ ಹುಟ್ಟಿ 2017ರವರೆಗೆ ಬದುಕಿದವರು. ಕಂಪನಿಗಳು ಏರಿದ್ದನ್ನೂ ಇಳಿದದ್ದನ್ನೂ ಒಂದೇ ಜನ್ಮದಲ್ಲಿ ಕಂಡರು. ಕಂಪನಿಯಲ್ಲಿ ಹಾಸ್ಯನಟನ ಲೆಕ್ಕ ಬೇರೆಯೇ ಇತ್ತು. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಟೆಂಟ್ ಹಾಕಿದರೆ ಅದೇ ನಾಟಕ ರಾತ್ರಿ ಮೇಲೆ ರಾತ್ರಿ ನಡೆಯುತ್ತದೆ. ನಾಟಕ ಅದೇ ಇದ್ದರೂ ನೋಡುವ ಮಂದಿ ಬದಲಾಗುತ್ತಾರೆ. ನಿನ್ನೆ ನಗು ಬಾರದ ಮಾತನ್ನು ನಟ ಇಂದು ತಿದ್ದುತ್ತಾನೆ, ನಕ್ಕ ಕಡೆ ಇನ್ನಷ್ಟು ಎಳೆಯುತ್ತಾನೆ. ಹತ್ತು ನಿಮಿಷದ ಹಾಸ್ಯವನ್ನು ವರ್ಷಗಟ್ಟಲೆ ಮಸೆದವನೇ ದೊಡ್ಡ ನಟನಾದ. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ಅಷ್ಟು ವರ್ಷ ನಡೆದದ್ದು ಹೀಗೆಯೇ. ನಾಟಕ ಹಳೆಯದು, ಬೈಗುಳ ಮಾತ್ರ ಅವತ್ತಿನ ಪೇಪರಿನದು.

ಟಿವಿ ಈ ಲೆಕ್ಕವನ್ನು ತಿರುವುಮುರುವು ಮಾಡಿತು. ಅಲ್ಲಿ ನೋಡುವ ಮಂದಿ ಅವರೇ, ಬದಲಾಗಬೇಕಾದದ್ದು ಹಾಸ್ಯ. ಶನಿವಾರ ನಗಿಸಿದ ಮಾತು ಮುಂದಿನ ಶನಿವಾರ ಹಳಸಿದ ಅನ್ನ. ವರ್ಷ ಉಣ್ಣಬೇಕಾದ ಕಾಳನ್ನು ಟಿವಿ ವಾರದಲ್ಲಿ ತಿಂದು ಮುಗಿಸುತ್ತದೆ. ಮೇಲಾಗಿ ಎದುರಿಗೆ ಗೌಡರ ಪಟಗವೂ ಇಲ್ಲ, ಕ್ಯಾಮೆರಾ ಇದೆ. ನಲವತ್ತು ವರ್ಷ ಬಣ್ಣ ಹಚ್ಚಿದ ನಟ ಸ್ಕಿಟ್ಟಿನಲ್ಲಿ ತಡವರಿಸಿದರೆ ‘ವಯಸ್ಸಾಯಿತು’ ಅನ್ನುತ್ತೇವೆ. ಅವನು ಕಲಿತ ಕಸುಬು ಬೇರೆ, ಈಗ ಕೇಳುತ್ತಿರುವ ಕಸುಬು ಬೇರೆ ಅನ್ನುವುದು ನಮ್ಮ ಲಕ್ಷ್ಯಕ್ಕೆ ಬರುವುದಿಲ್ಲ.

ಹಾಗಾದರೆ ಟಿವಿಯಲ್ಲಿ ಗೆದ್ದವರು ಹೇಗೆ ಗೆದ್ದರು? 2000ರ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಬಂತು. ಅದರಲ್ಲಿ ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’, ವಿಜಯಪ್ರಸಾದ್ ಅವರ ‘ಸಿಲ್ಲಿ ಲಲ್ಲಿ’ ಮನೆಮನೆಯ ಮಾತಾದವು. ಚಂದ್ರು ಅವರ ಹೆಸರಿನ ಹಿಂದಿನ ‘ಸಿಹಿಕಹಿ’ಯೇ ದೂರದರ್ಶನದ ಕಾಲದ ಒಂದು ಧಾರಾವಾಹಿಯದು, ಅಂದರೆ ಅವರು ಆಗಲೇ ಪಳಗಿದ ಕೈ. ಅವರು ಹೊಸ ಜೋಕಿನ ಬೆನ್ನು ಹತ್ತಲಿಲ್ಲ. ಗಂಡ ಪಾಂಡು, ಅವನನ್ನು ಬಡಿಯುವ ಹೆಂಡತಿ ಶ್ರೀಮತಿ. ಚಿದಾನಂದ್ ಒಳಗೆ ಬಂದರೆ ಏನಾಗುತ್ತದೆ ಅಂತ ನಮಗೆ ಮೊದಲೇ ಗೊತ್ತು, ಹೇಗೆ ಆಗುತ್ತದೆ ಅನ್ನುವುದಕ್ಕೇ ಕಾಯುವುದು. ರವಿಶಂಕರ್ ಅವರ ಡಾಕ್ಟರ್ ವಿಠ್ಠಲರಾವ್ ಕೂಡ ಹಾಗೆಯೇ. 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಪಾಂಡು–ಶ್ರೀಮತಿ ಜೋಡಿ ಮತ್ತೆ ಬಂತು. ನಮ್ಮ ಕಡೆ ಮೊದಲಿನಷ್ಟು ಸುದ್ದಿಯಾಗಲಿಲ್ಲ. ಅಷ್ಟರಲ್ಲಿ ಎಲ್ಲರ ಕಿಸೆಯಲ್ಲೂ ಫೋನು ಇತ್ತು, ಹಳೆಯ ಕಂತುಗಳೂ ಅದರಲ್ಲೇ ಇದ್ದವು.

2015ರಲ್ಲಿ ಬಂದ ‘ಮಜಾ ಟಾಕೀಸ್’ ಅಚ್ಚು ಹಿಂದಿಯ ಕಪಿಲ್ ಶರ್ಮಾ ಶೋ ಥರದ್ದು, ಮುಚ್ಚಿಡುವುದೇನಿಲ್ಲ. ಆದರೆ ಒಳಗಿನ ಹೂರಣ ನಾಟಕದ್ದು. ಸೃಜನ್ ಅವರ ತಂದೆ ಲೋಕೇಶ್. ಅಜ್ಜ ಸುಬ್ಬಯ್ಯ ನಾಯ್ಡು ಕಂಪನಿ ನಟರು, 1934ರಲ್ಲಿ ಬಂದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ನಾಯಕ. ಮುದ್ದೇಶನ ಪಾತ್ರ ಮಾಡಿದ ಮಂಡ್ಯ ರಮೇಶ್ ನೀನಾಸಂನಲ್ಲಿ ಕಲಿತು ಮೈಸೂರಿನಲ್ಲಿ ‘ನಟನ’ ಕಟ್ಟಿದವರು.

ಎಲ್ಲಕ್ಕಿಂತ ದೊಡ್ಡ ಪಾಠ ಅಪರ್ಣಾ ಅವರದು. ದೂರದರ್ಶನ, ಆಕಾಶವಾಣಿ, ಬೆಂಗಳೂರಿನ ಮೆಟ್ರೊ, ಎಲ್ಲ ಕಡೆ ಅಚ್ಚುಕಟ್ಟು ಕನ್ನಡದ ದನಿ ಅಂದರೆ ಅವರೇ. ಆ ಗಾಂಭೀರ್ಯವನ್ನೇ ಬುಡಮೇಲು ಮಾಡಿ ವರಲಕ್ಷ್ಮಿಯನ್ನು ಕಟ್ಟಿದರು. ಅವರ ಹಳೆಯ ಹೆಸರನ್ನು ಒರೆಸಿದ್ದರೆ ಆ ನಗು ಹುಟ್ಟುತ್ತಿರಲಿಲ್ಲ. ಮಂದಿ ವಾರವಾರ ವರಲಕ್ಷ್ಮಿಯ ಜೋಕಿಗಲ್ಲ, ವರಲಕ್ಷ್ಮಿಗೇ ಕಾಯುತ್ತಿದ್ದರು. ದೂತಿಗೆ ಕಾದ ಹಾಗೆ.

ಇದಕ್ಕೆ ಎದುರು ದಾರಿಯೂ ಇದೆ: ಹಿರಿಯ ನಗೆನಟನನ್ನು ತೀರ್ಪುಗಾರನ ಕುರ್ಚಿಯಲ್ಲಿ ಕೂಡಿಸುವುದು. ಜೀ ಕನ್ನಡದ ‘ಕಾಮಿಡಿ ಕಿಲಾಡಿಗಳು’ ಹಳ್ಳಿ ಹುಡುಗರಿಗೆ ಬಾಗಿಲು ತೆರೆದ ಚಲೋ ಕಾರ್ಯಕ್ರಮ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಗ್ಗೇಶ್ ಅವರಂಥವರು ಕುರ್ಚಿಯಲ್ಲಿ ಕೂತು ನಗುವುದನ್ನು ನೋಡುವಾಗ, ಇವರೇ ಎದ್ದು ಒಂದು ಸ್ಕಿಟ್ ಮಾಡಬಾರದೇ ಅಂತ ನಮಗೆ ಅನಿಸಿದ್ದುಂಟು.

ಗಡಿಯ ನಮ್ಮ ಮನೆಗಳಲ್ಲಿ ಮರಾಠಿ ಚಾನೆಲ್ಲೂ ಓಡುತ್ತದೆ, ನಿಪ್ಪಾಣಿ ಕಡೆಯಂತೂ ಕೇಳುವುದೇ ಬೇಡ. ಝೀ ಮರಾಠಿಯ ‘ಚಲಾ ಹವಾ ಯೇವು ದ್ಯಾ’ 2014ರಿಂದ ಸುಮಾರು ಹತ್ತು ವರ್ಷ ನಡೆಯಿತು. ಭಾವೂ ಕದಮ್ ಅದಕ್ಕೂ ಮೊದಲು ಬಹಳ ವರ್ಷ ನಾಟಕದಲ್ಲಿ ದುಡಿದವರು. ಭಾರತ್ ಗಣೇಶಪುರೆ ಅಮರಾವತಿ ಕಡೆಯವರು, ತಮ್ಮ ವರ್‍ಹಾಡಿ ಮಾತನ್ನು ಬಿಡದೆ ಬಂದರು. ಸಾಗರ್ ಕಾರಂಡೆ ಪೋಸ್ಟ್‌ಮನ್ ಆಗಿ ಪತ್ರ ಓದಿದರೆ ನಗುತ್ತ ಕೂತವರೇ ಕಣ್ಣೊರೆಸಿಕೊಳ್ಳುತ್ತಿದ್ದರು. ಇಲ್ಲೂ ಗೆದ್ದದ್ದು ಪಾತ್ರ, ಅದಕ್ಕೆ ಅಂಟಿಕೊಂಡ ಅವರವರ ಊರ ಮಾತು.

ಇನ್ನೊಂದು ದಾರಿ ಕಂತು ಕಡಿಮೆ ಮಾಡುವುದು. ಜಸ್ಪಾಲ್ ಭಟ್ಟಿ 1989ರಲ್ಲಿ ದೂರದರ್ಶನಕ್ಕೆ ಮಾಡಿದ ‘ಫ್ಲಾಪ್ ಶೋ’ ಬರೀ 10 ಕಂತು. ಈಗಲೂ ಮಂದಿ ನೆನೆಸುತ್ತಾರೆ.

ಊರ ಮಾತು ಅಂದಾಗ ನಮ್ಮ ಹೊಟ್ಟೆಯ ಸಂಕಟವನ್ನೂ ಹೇಳಬೇಕು. ಬೆಂಗಳೂರಿನ ಸ್ಕಿಟ್ಟುಗಳಲ್ಲಿ ಎಷ್ಟೋ ಸಲ ನಮ್ಮ ‘ಏನಲೇ, ಯಾಕಲೇ’ಯೇ ಜೋಕು. ಮಾತಿನೊಳಗೆ ಏನಿದೆ ಅಂತ ನೋಡುವವರಿಲ್ಲ. ರಾಜು ತಾಳಿಕೋಟಿ ಅವರ ‘ಕಲಿಯುಗದ ಕುಡುಕ’ ಕ್ಯಾಸೆಟ್ ನಮ್ಮ ಕಡೆ ಟ್ರ್ಯಾಕ್ಟರಿನಿಂದ ಹೋಟೆಲಿನವರೆಗೆ ಕೇಳುತ್ತಿದ್ದ ಕಾಲ ಇತ್ತು. ಅದೇ ಭಾಷೆ, ಆದರೆ ನಕ್ಕದ್ದು ಕುಡುಕ ಹೇಳುವ ನಿಜಕ್ಕೆ. 2009ರ ‘ಮನಸಾರೆ’ಯಿಂದ ಸಿನಿಮಾ ಅವರನ್ನು ಬಳಸಿಕೊಂಡಿತು. ಟಿವಿಯಲ್ಲಿ ಬಹಳ ಮಂದಿ ಅವರನ್ನು ಕಂಡದ್ದು ಬಿಗ್ ಬಾಸ್ ಏಳನೇ ಸೀಸನ್ನಿನ ಮನೆಯಲ್ಲಿ. ಕುಡುಕನನ್ನು ವಾರವಾರ ಹೊಸ ಹೊಸ ಕಡೆ ನಿಲ್ಲಿಸಿದ್ದರೆ — ಗ್ರಾಮ ಪಂಚಾಯಿತಿ ಸಭೆ, ಸಕ್ಕರೆ ಕಾರ್ಖಾನೆಯ ತೂಕದ ಕಾಟಾ, ಬ್ಯಾಂಕಿನ ಸಾಲದ ಸಾಲು — ಎಂಥ ಕಾರ್ಯಕ್ರಮ ಆಗುತ್ತಿತ್ತು! ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದ ಅವರು 2025ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅಪರ್ಣಾ 2024ರ ಜುಲೈನಲ್ಲೇ ಹೋಗಿದ್ದರು.

ಕಂಪನಿಗಳಲ್ಲಿ ಇನ್ನೂ ಬಣ್ಣ ಹಚ್ಚುವ ಹಿರಿಯರು ಇದ್ದಾರೆ. ಹೊಸ ಶೋಗೆ ಮುಖ ಹುಡುಕುವ ಚಾನೆಲ್ಲಿನವರು ಅವರನ್ನು ಬೆಂಗಳೂರಿಗೆ ಆಡಿಷನ್ನಿಗೆ ಕರೆಯುವ ಮೊದಲು, ಬನದ ಹುಣ್ಣಿಮೆಗೆ ಬನಶಂಕರಿಗೆ ಬಂದು, ಟಿಕೆಟ್ ತೆಗೆಸಿ, ಮಂದಿಯ ನಡುವೆ ಮೂರು ರಾತ್ರಿ ಕೂಡಲಿ. ಒಂದು ರಾತ್ರಿ ಸಾಲದು. ಅದೇ ನಟ ಮೂರನೇ ರಾತ್ರಿ ಯಾವ ಮಾತು ಬದಲಿಸಿದ ಅಂತ ನೋಡಿ ಬರೆದುಕೊಳ್ಳಲಿ.